ಗೇಮ್ ಎಂಜಿನ್ ಬದಲಾವಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ಚೆನ್ನಾಗಿಯೇ ಓಡುತ್ತಿರುವ ಎಂಜಿನ್ ಬಿಟ್ಟು ಹೊಸದಕ್ಕೆ ಹೋಗುವುದೇಕೆ? ಗ್ರಾಫಿಕ್ಸ್‌ಗಾಗಿಯೇ?

ಗೇಮ್ ಎಂಜಿನ್ ಎಂದರೆ ಆಟದ ಚಿತ್ರ, ಧ್ವನಿ, ಚಲನೆಗಳನ್ನೆಲ್ಲ ನಡೆಸುವ ಅಡಿಪಾಯದ ಸಾಫ್ಟ್‌ವೇರ್. ಆಟಗಾರರ ಕಣ್ಣಿಗೆ ಮೊದಲು ಬೀಳುವುದು ಗ್ರಾಫಿಕ್ಸ್. ಹಾಗಾಗಿ ಎಂಜಿನ್ ಬದಲಾಯಿತೆಂದರೆ ಚಿತ್ರ ಚೆಂದವಾಗಲೆಂದೇ ಬದಲಾಯಿಸಿದರು ಎಂದುಕೊಳ್ಳುತ್ತಾರೆ. ಸ್ಟುಡಿಯೋದ ಒಳಗಿನ ಲೆಕ್ಕ ಬೇರೆ. ಎಂಜಿನ್ ಒಂದು ಸಲ ಬರೆದು ಕೈತೊಳೆದುಕೊಳ್ಳುವಂಥ ಸಾಫ್ಟ್‌ವೇರ್ ಅಲ್ಲ. ಹೊಸ ಫೋನ್, ಹೊಸ ಕನ್ಸೋಲ್, ಹೊಸ ಆಪರೇಟಿಂಗ್ ಸಿಸ್ಟಂ ಬಂದಾಗಲೆಲ್ಲ ಯಾರಾದರೂ ಕೂತು ಅದನ್ನು ತಿದ್ದಬೇಕು. ಆ ಕೆಲಸ ಯಾರ ತಲೆಯ ಮೇಲೆ ಬೀಳುತ್ತದೆ, ಇನ್ನು ಐದು ವರ್ಷ ಅವರು ಅದನ್ನು ಮಾಡುತ್ತಲೇ ಇರುತ್ತಾರೆಯೇ ಎಂಬುದರ ಮೇಲೆ ಹೆಚ್ಚಿನ ತೀರ್ಮಾನಗಳು ನಿಂತಿರುತ್ತವೆ.

ಸ್ಟಾರ್‌ಡ್ಯೂ ವ್ಯಾಲಿ ಎಂಬ ಆಟವನ್ನು ನೋಡಿ. 2021ರಲ್ಲಿ ಬಂದ 1.5.5 ಆವೃತ್ತಿಯಲ್ಲಿ ಈ ಆಟ ವಿಂಡೋಸ್‌ನಲ್ಲಿ ಮೈಕ್ರೋಸಾಫ್ಟ್‌ನ ಎಕ್ಸ್‌ಎನ್‌ಎ ಎಂಬ ಆಟ ಕಟ್ಟುವ ಚೌಕಟ್ಟನ್ನು ಬಿಟ್ಟು, ಅದರ ತೆರೆದ ಮರುರೂಪವಾದ ಮೊನೋಗೇಮ್‌ಗೆ ಬಂತು. ಅದು ಪಿಕ್ಸೆಲ್ ಚಿತ್ರದ ಆಟ. ಪರದೆಯ ಮೇಲೆ ಏನೂ ಬದಲಾಗಲಿಲ್ಲ. ಆದರೆ ಎಕ್ಸ್‌ಎನ್‌ಎಯ ಬೆಳವಣಿಗೆಯನ್ನು ಮೈಕ್ರೋಸಾಫ್ಟ್ ಎಂದೋ ನಿಲ್ಲಿಸಿತ್ತು, ಅದು 32-ಬಿಟ್‌ಗೆ ಸೀಮಿತವಾಗಿತ್ತು, ನೂರಾರು ಮಾಡ್ (ಆಟಗಾರರೇ ಮಾಡಿದ ಸೇರ್ಪಡೆ) ಹಾಕಿಕೊಂಡು ಆಡುವವರಿಗೆ ಮೆಮೊರಿ ಸಾಲುತ್ತಿರಲಿಲ್ಲ. ಎಂಜಿನ್ ಬದಲಾವಣೆಯ ಬಹುಪಾಲು ಕಾರಣಗಳು ಹೀಗೇ ಕಣ್ಣಿಗೆ ಕಾಣದಂಥವು.

ಸ್ವಂತ ಎಂಜಿನ್ ಇದ್ದ ದೊಡ್ಡ ಸ್ಟುಡಿಯೋಗಳು ಕೂಡ ಅನ್‌ರಿಯಲ್‌ಗೆ ಹೋಗುತ್ತಿರುವುದೇಕೆ?

ಸೈಬರ್‌ಪಂಕ್ 2077 ಮಾಡಿದ ಸಿಡಿ ಪ್ರಾಜೆಕ್ಟ್ ರೆಡ್ ತನ್ನದೇ ರೆಡ್‌ಎಂಜಿನ್ ಬಿಟ್ಟು ಎಪಿಕ್ ಗೇಮ್ಸ್ ಕಂಪನಿಯ ಅನ್‌ರಿಯಲ್ ಎಂಜಿನ್ 5ಕ್ಕೆ ಹೋಗುವುದಾಗಿ 2022ರ ಮಾರ್ಚ್‌ನಲ್ಲಿ ಪ್ರಕಟಿಸಿತು. ಹೇಲೋ ಸರಣಿಯ ಸ್ಟುಡಿಯೋ 2024ರ ಅಕ್ಟೋಬರ್‌ನಲ್ಲಿ ಸ್ಲಿಪ್‌ಸ್ಪೇಸ್ ಎಂಜಿನ್ ಬಿಡುವ ಸುದ್ದಿ ಕೊಟ್ಟಾಗ, ಅದರ ಕೆಲವು ಭಾಗಗಳು ಸುಮಾರು 25 ವರ್ಷ ಹಳೆಯವು ಎಂದು ತಾನೇ ಹೇಳಿಕೊಂಡಿತು.

ಸ್ವಂತ ಎಂಜಿನ್‌ನ ಸಮಸ್ಯೆ ಜನರಿಂದ ಶುರುವಾಗುತ್ತದೆ. ಅನ್‌ರಿಯಲ್ ಬಲ್ಲವರು ಕೆಲಸಕ್ಕೆ ಸೇರಿದ ವಾರದಲ್ಲೇ ಏನಾದರೂ ಮಾಡಿ ತೋರಿಸಬಲ್ಲರು. ಒಳಗಿನ ಎಂಜಿನ್ ಆದರೆ ಪುಸ್ತಕವಿಲ್ಲ, ಯೂಟ್ಯೂಬ್ ಪಾಠವಿಲ್ಲ. ಗೊತ್ತಿರುವ ನಾಲ್ಕು ಜನರನ್ನು ಕೇಳಬೇಕು, ಅವರಲ್ಲಿ ಇಬ್ಬರು ಬಿಟ್ಟುಹೋದರೆ ಆ ಭಾಗದ ಕೋಡ್ ಮುಟ್ಟಲು ಎಲ್ಲರಿಗೂ ಭಯ. ಇನ್ನೊಂದು, ಒಂದು ಆಟಕ್ಕೆಂದು ಬೆಳೆದ ಎಂಜಿನ್ ಮೇಲೆ ಎರಡನೆಯ ಆಟವನ್ನು ಜೊತೆಜೊತೆಗೇ ಕಟ್ಟುವುದು ಕಷ್ಟ. ಎರಡೂ ತಂಡಗಳು ಎಂಜಿನ್‌ನ ಒಂದೇ ಭಾಗವನ್ನು ಎರಡು ದಿಕ್ಕಿಗೆ ಎಳೆಯುತ್ತವೆ.

ಹಾಗೆಂದು ಸ್ವಂತ ಎಂಜಿನ್‌ನ ಕಾಲ ಮುಗಿಯಿತು ಎನ್ನುವುದು ಅವಸರದ ಮಾತು. ಕ್ಯಾಪ್‌ಕಾಮ್ ಹಳೆಯ ಎಂಟಿ ಫ್ರೇಮ್‌ವರ್ಕ್ ಬಿಟ್ಟು ಆರ್‌ಇ ಎಂಜಿನ್ ಎಂಬ ಹೊಸ ಎಂಜಿನ್ನನ್ನು ತಾನೇ ಕಟ್ಟಿಕೊಂಡಿತು. 2017ರ ರೆಸಿಡೆಂಟ್ ಈವಿಲ್ 7ರಿಂದ ಇಂದಿನವರೆಗೆ ಅದರ ದೊಡ್ಡ ಆಟಗಳೆಲ್ಲ ಹೆಚ್ಚುಕಡಿಮೆ ಅದರ ಮೇಲೆಯೇ ನಿಂತಿವೆ. ಫ್ಯಾಕ್ಟೋರಿಯೋ ಥರ ಲಕ್ಷಗಟ್ಟಲೆ ವಸ್ತುಗಳು ಏಕಕಾಲಕ್ಕೆ ಚಲಿಸುವ ಆಟಕ್ಕೂ ಸ್ವಂತ ಎಂಜಿನ್ನೇ ಸರಿ. ಎಂಜಿನ್ ತಂಡಕ್ಕೆ ವರ್ಷ ವರ್ಷವೂ ಸಂಬಳ ಕೊಡುವ ಶಕ್ತಿ ಇದ್ದರೆ, ಅಥವಾ ಆಟದ ಜೀವಾಳವೇ ಸಿದ್ಧ ಎಂಜಿನ್‌ಗಳಿಗೆ ಒಗ್ಗದಂಥದ್ದಾಗಿದ್ದರೆ ಬದಲಾಯಿಸಬೇಕಾಗಿಲ್ಲ.

2023ರ ಯೂನಿಟಿ ಗಲಾಟೆಯಲ್ಲಿ ನಿಜಕ್ಕೂ ಆಗಿದ್ದೇನು?

2023ರ ಸೆಪ್ಟೆಂಬರ್ 12ರಂದು, ಅದೇ ಹೆಸರಿನ ಎಂಜಿನ್ ಮಾಡುವ ಯೂನಿಟಿ ಕಂಪನಿ ‘ರನ್‌ಟೈಮ್ ಶುಲ್ಕ’ ಎಂಬುದನ್ನು ಘೋಷಿಸಿತು. ಉಚಿತವಾದ ಪರ್ಸನಲ್ ಲೈಸೆನ್ಸ್‌ನಲ್ಲಿ ಒಂದು ಆಟ 12 ತಿಂಗಳಲ್ಲಿ 2 ಲಕ್ಷ ಡಾಲರ್ ಗಳಿಸಿ, ಒಟ್ಟು 2 ಲಕ್ಷ ಇನ್‌ಸ್ಟಾಲ್ ದಾಟಿದರೆ, ಆಮೇಲಿನ ಪ್ರತಿ ಇನ್‌ಸ್ಟಾಲ್‌ಗೆ 0.20 ಡಾಲರ್ ಕಟ್ಟಬೇಕು ಎಂಬುದು ಅದರ ಸಾರ. 2024ರ ಜನವರಿ 1ರಿಂದ ಜಾರಿ ಎಂದಿತ್ತು. ಅದಾಗಲೇ ಬಿಡುಗಡೆಯಾದ ಆಟಗಳೂ ಲೆಕ್ಕಕ್ಕೆ ಸೇರುತ್ತಿದ್ದವು.

ಮೊತ್ತಕ್ಕಿಂತ ಲೆಕ್ಕ ಹಾಕುವ ರೀತಿಯೇ ಜನರನ್ನು ಕೆರಳಿಸಿತು. ಜಾಹೀರಾತಿನಿಂದ ಬದುಕುವ ಉಚಿತ ಆಟವೊಂದು ತಲಾ ಇನ್‌ಸ್ಟಾಲ್‌ಗೆ 0.15 ಡಾಲರ್ ಗಳಿಸುತ್ತಿದ್ದರೆ, ಮಿತಿ ದಾಟಿದ ಮೇಲೆ ಪ್ರತಿ ಹೊಸ ಆಟಗಾರನಿಂದಲೂ 5 ಸೆಂಟ್ ನಷ್ಟ. ಆದಾಯ ಡೆವಲಪರ್‌ಗೆ ಕಾಣುತ್ತದೆ. ಇನ್‌ಸ್ಟಾಲ್ ಎಷ್ಟೆಂಬುದು ಅವನ ಹಿಡಿತದಲ್ಲೂ ಇಲ್ಲ, ಅವನ ಬಳಿ ನಂಬಬಹುದಾದ ಲೆಕ್ಕವೂ ಇಲ್ಲ.

ಹತ್ತು ದಿನದಲ್ಲೇ ಕಂಪನಿ ಹಿಂದೆ ಸರಿದು ಪರ್ಸನಲ್ ಲೈಸೆನ್ಸ್‌ಗೆ ವಿನಾಯಿತಿ ಕೊಟ್ಟು, ಉಳಿದವರಿಗೆ ಆದಾಯದ ಶೇ. 2.5ರ ಮಿತಿ ಹಾಕಿತು. 2024ರ ಸೆಪ್ಟೆಂಬರ್ 12ರಂದು, ಸರಿಯಾಗಿ ಒಂದು ವರ್ಷಕ್ಕೆ, ಆಟಗಳ ಮಟ್ಟಿಗೆ ಆ ಶುಲ್ಕವನ್ನೇ ರದ್ದು ಮಾಡಿತು. ಆದರೂ ಕೆಲವರು ಮರಳಲಿಲ್ಲ. ಸ್ಲೇ ದ ಸ್ಪೈರ್ 2 ಯೂನಿಟಿಯಲ್ಲಿ ಶುರುವಾಗಿ ಗೊಡೊ ಎಂಬ ಉಚಿತ ಎಂಜಿನ್‌ಗೆ ಹೋಯಿತು. ಟೆರಾರಿಯಾ ಮಾಡಿದ ರೀ-ಲಾಜಿಕ್ ಯೂನಿಟಿಯನ್ನು ಅಷ್ಟಾಗಿ ಬಳಸದಿದ್ದರೂ ಗೊಡೊ ಮತ್ತು ಎಫ್‌ಎನ್‌ಎ (ಎಕ್ಸ್‌ಎನ್‌ಎಯ ಇನ್ನೊಂದು ತೆರೆದ ಮರುರೂಪ) ಯೋಜನೆಗಳಿಗೆ ತಲಾ 1 ಲಕ್ಷ ಡಾಲರ್ ದೇಣಿಗೆ ಕೊಟ್ಟಿತು. ಆಟ ಮುಗಿಸಲು ನಾಲ್ಕು ವರ್ಷ ಹಿಡಿಯುವಾಗ, ಷರತ್ತು ನಡುವೆ ಬದಲಾಗಬಹುದು ಎಂದು ಒಮ್ಮೆ ಗೊತ್ತಾದರೆ ಆ ಅಪಾಯಕ್ಕೂ ಒಂದು ಬೆಲೆ ಕಟ್ಟಲೇಬೇಕಾಗುತ್ತದೆ.

ಅನ್‌ರಿಯಲ್‌ನ ರಾಯಲ್ಟಿ ಎಷ್ಟು ಭಾರ?

ರಾಯಲ್ಟಿ ಎಂದರೆ ಗಳಿಕೆಯಲ್ಲಿ ಎಂಜಿನ್ ಕಂಪನಿಗೆ ಕೊಡುವ ಪಾಲು. ಒಂದು ಆಟದ ಒಟ್ಟು ಗಳಿಕೆ 10 ಲಕ್ಷ ಡಾಲರ್ ದಾಟುವವರೆಗೆ ಏನೂ ಇಲ್ಲ. ದಾಟಿದ ಭಾಗಕ್ಕೆ ಶೇ. 5. ಗಳಿಕೆ 14 ಲಕ್ಷ ಆದರೆ ಮೇಲಿನ 4 ಲಕ್ಷಕ್ಕೆ 20,000 ಡಾಲರ್. 2025ರಿಂದ, ಎಪಿಕ್ ಗೇಮ್ಸ್ ಸ್ಟೋರ್‌ನಲ್ಲೂ ಉಳಿದ ಅಂಗಡಿಗಳ ಜೊತೆಗೇ ಬಿಡುಗಡೆ ಮಾಡಿದರೆ ದರ ಶೇ. 3.5ಕ್ಕೆ ಇಳಿಯುತ್ತದೆ.

ಹಲವರು ತಪ್ಪುವುದು ಇಲ್ಲಿ: ಶೇ. 5 ಎಂಬುದು ಅಂಗಡಿಯ ಪಾಲು ಕಳೆಯುವ ಮೊದಲಿನ ಮೊತ್ತದ ಮೇಲೆ. ಅಂಗಡಿ ಶೇ. 30 ಇಟ್ಟುಕೊಂಡರೆ ನಿಮ್ಮ ಕೈಗೆ ಬರುವುದು ನೂರಕ್ಕೆ 70. ಅದರಲ್ಲಿ 5 ಎಂದರೆ ಶೇ. 7.1 ಆಯಿತು. ಪಬ್ಲಿಷರ್ ಜೊತೆ ಒಪ್ಪಂದ ಮಾಡಿಕೊಳ್ಳುವಾಗ ರಾಯಲ್ಟಿ ಯಾರ ಪಾಲಿನಿಂದ ಹೋಗುತ್ತದೆ ಎಂದು ಬರವಣಿಗೆಯಲ್ಲೇ ಇರಲಿ.

ಗೊಡೊ ಉಚಿತ ಅಲ್ಲವೇ? ಎಲ್ಲರೂ ಅದಕ್ಕೇ ಹೋಗಬಹುದಲ್ಲ?

ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಎಂಐಟಿ ಲೈಸೆನ್ಸ್, ರಾಯಲ್ಟಿ ಇಲ್ಲ, ಸೋರ್ಸ್ ಕೋಡ್ ನಿಮ್ಮ ಕೈಯಲ್ಲೇ. 2ಡಿ ಆಟಕ್ಕೆ, ಚಿಕ್ಕ ತಂಡಕ್ಕೆ ಮೊದಲು ನೋಡಬೇಕಾದ್ದು ಗೊಡೊ ಎಂದೇ ಹೇಳಬಹುದು. ಬ್ರೊಟಾಟೊ, ಡೋಮ್ ಕೀಪರ್, ಕ್ಯಾಸೆಟ್ ಬೀಸ್ಟ್ಸ್ ಅದರಲ್ಲೇ ಆದವು. ಆದರೆ ಹೊರಡುವ ಮುನ್ನ ಮೂರು ಸಂಗತಿ ಪರಿಶೀಲಿಸಿ.

ಒಂದು, ಕನ್ಸೋಲ್. ಕನ್ಸೋಲ್ ಕಂಪನಿಗಳ ಎಸ್‌ಡಿಕೆಗಳು (ಆ ಕನ್ಸೋಲ್‌ಗೆ ಆಟ ಕಟ್ಟುವ ಸಾಧನಗಳು) ಗೋಪ್ಯತಾ ಒಪ್ಪಂದದ ಅಡಿಯಲ್ಲಿರುವುದರಿಂದ ಆ ಕೋಡನ್ನು ತೆರೆದ ಎಂಜಿನ್‌ಗೆ ಸೇರಿಸುವಂತಿಲ್ಲ. ಪೋರ್ಟ್ ಮಾಡಿಕೊಡುವ (ಕನ್ಸೋಲ್‌ಗೆ ಒಗ್ಗಿಸಿಕೊಡುವ) ಬೇರೆ ಕಂಪನಿಗಳಿಗೆ ಸಾಮಾನ್ಯವಾಗಿ ಹಣ ಕೊಡಬೇಕು, ಅದು ಬಜೆಟ್‌ನಲ್ಲಿ ಬೇರೆ ಸಾಲಾಗಿರಲಿ. ಎರಡು, ಯೂನಿಟಿಯಲ್ಲಿ ಬಳಸುವ ಪ್ರೋಗ್ರಾಮಿಂಗ್ ಭಾಷೆ ಸಿ ಶಾರ್ಪ್. ಯೂನಿಟಿಯಿಂದ ಬರುವವರಿಗೆ ಇದೇ ಆಕರ್ಷಣೆ, ಆದರೆ ಗೊಡೊ 4 ಸಿ ಶಾರ್ಪ್ ಯೋಜನೆಯನ್ನು ವೆಬ್‌ಗೆ ಎಕ್ಸ್‌ಪೋರ್ಟ್ ಮಾಡುವ ಸೌಲಭ್ಯವಿಲ್ಲದೆಯೇ ಬಂತು. ಬ್ರೌಸರ್‌ನಲ್ಲಿ ಓಡಬೇಕಿದ್ದರೆ ಗೊಡೊದ ಸ್ವಂತ ಭಾಷೆಯಾದ ಜಿಡಿಸ್ಕ್ರಿಪ್ಟ್‌ನಲ್ಲೇ ಬರೆಯಿರಿ. ಮೂರು, ಮೊಬೈಲ್ ಜಾಹೀರಾತು, ಅನಲಿಟಿಕ್ಸ್, ಖರೀದಿಯ ಪ್ಲಗಿನ್‌ಗಳು. ಯೂನಿಟಿಯಲ್ಲಿ ಜಾಹೀರಾತು ಕಂಪನಿಯೇ ಪ್ಲಗಿನ್ ನೋಡಿಕೊಳ್ಳುತ್ತದೆ. ಗೊಡೊದಲ್ಲಿ ಬಹುತೇಕ ಸಮುದಾಯದ ಯಾರೋ ಒಬ್ಬರು ಬಿಡುವಿನಲ್ಲಿ ನೋಡಿಕೊಳ್ಳುತ್ತಿರುತ್ತಾರೆ. ಕೊನೆಯ ಅಪ್‌ಡೇಟ್ ಯಾವಾಗ ಆಗಿದೆ ನೋಡದೆ ನಂಬಬೇಡಿ.

ಏನನ್ನೂ ಬದಲಾಯಿಸದೆ ಹಳೆಯ ಆವೃತ್ತಿಯಲ್ಲೇ ಉಳಿದರೆ?

ಪಿಸಿಯಲ್ಲಿ ವರ್ಷಗಟ್ಟಲೆ ನಡೆಯುತ್ತದೆ. ಮೊಬೈಲ್‌ನಲ್ಲಿ ನಡೆಯುವುದಿಲ್ಲ. ಐಒಎಸ್ 11 ಬಂದ 2017ರಲ್ಲಿ 32-ಬಿಟ್ ಆಟಗಳೆಲ್ಲ ತೆರೆಯುವುದೇ ನಿಂತವು. 2019ರಲ್ಲಿ ಮ್ಯಾಕ್‌ಒಎಸ್ ಕ್ಯಾಟಲಿನಾದಲ್ಲೂ ಅದೇ ಕಥೆ. ಅದೇ ವರ್ಷದ ಆಗಸ್ಟ್‌ನಿಂದ ಗೂಗಲ್ ಪ್ಲೇ 64-ಬಿಟ್ ಕಡ್ಡಾಯ ಮಾಡಿತು.

ಇತ್ತೀಚಿನದು 16 ಕೆಬಿ ಮೆಮೊರಿ ಪುಟದ ನಿಯಮ. ಪುಟ ಎಂದರೆ ಸಾಧನವು ಮೆಮೊರಿಯನ್ನು ಹಂಚುವ ಒಂದು ತುಂಡು. ಆಂಡ್ರಾಯ್ಡ್ 15 ಅಥವಾ ಮೇಲಿನದನ್ನು ಗುರಿಯಾಗಿಸಿದ ಹೊಸ ಆ್ಯಪ್‌ಗಳಿಗೂ ಅಪ್‌ಡೇಟ್‌ಗಳಿಗೂ 2025ರ ನವೆಂಬರ್ 1ರಿಂದ ಗೂಗಲ್ ಪ್ಲೇ ಇದನ್ನು ಕೇಳುತ್ತಿದೆ. ಹಳೆಯ ಎಂಜಿನ್‌ನ ನೇಟಿವ್ ಲೈಬ್ರರಿಗಳು (ಮೊದಲೇ ಕಂಪೈಲ್ ಮಾಡಿದ ಯಂತ್ರಕೋಡ್) 4 ಕೆಬಿ ಪುಟಕ್ಕೆ ಹೊಂದಿಸಿ ಕಟ್ಟಿದವು. 16 ಕೆಬಿ ಪುಟದ ಸಾಧನದಲ್ಲಿ ಅವು ಲೋಡ್ ಆಗದೆ ಹೋಗಬಹುದು. ನಿಮ್ಮ ಸ್ಕ್ರಿಪ್ಟ್ ತಿದ್ದಿ ಇದನ್ನು ಸರಿಮಾಡಲಾಗದು, ಲೈಬ್ರರಿಯನ್ನೇ ಮತ್ತೆ ಕಂಪೈಲ್ ಮಾಡಬೇಕು. ಅಂದರೆ ಎಂಜಿನ್ ಅಪ್‌ಡೇಟ್ ಮಾಡಬೇಕು. ಪರೀಕ್ಷಿಸಲು ಆಂಡ್ರಾಯ್ಡ್ ಸ್ಟುಡಿಯೋದ ಎಪಿಕೆ ಅನಲೈಸರ್‌ನಲ್ಲಿ ಬಿಲ್ಡ್ ತೆರೆದು, ಲಿಬ್ ಫೋಲ್ಡರ್‌ನ ಪ್ರತಿ ಎಸ್‌ಒ (ನೇಟಿವ್ ಲೈಬ್ರರಿ) ಫೈಲ್‌ನ ಎದುರಿರುವ ಅಲೈನ್‌ಮೆಂಟ್ ನೋಡಿ. ಎಂಜಿನ್‌ನದು ಸರಿಯಿದ್ದು ಎಲ್ಲೋ ಮೂಲೆಯ ಒಂದು ಪ್ಲಗಿನ್‌ನ ಲೈಬ್ರರಿ ತಪ್ಪಿರುವುದು ಸಾಮಾನ್ಯ.

ಆಟ ಅರ್ಧ ಮುಗಿದಿದೆ. ಈಗ ಎಂಜಿನ್ ಬದಲಾಯಿಸಬಹುದೇ?

ಬೇಡ. ವಿನಾಯಿತಿಗಳಿವೆ, ಆದರೆ ನಿಮ್ಮದು ವಿನಾಯಿತಿ ಎಂದು ನಿಮಗನಿಸುವುದು ಸಾಕ್ಷಿಯಾಗುವುದಿಲ್ಲ.

ಡ್ಯೂಕ್ ನುಕೆಮ್ ಫಾರೆವರ್ 1997ರಲ್ಲಿ ಕ್ವೇಕ್ 2ರ ಎಂಜಿನ್ ಮೇಲೆ ಘೋಷಣೆಯಾಯಿತು, ಮರುವರ್ಷ ಅನ್‌ರಿಯಲ್‌ಗೆ ಜಿಗಿಯಿತು, ಕೊನೆಗೆ ಬಿಡುಗಡೆಯಾದದ್ದು 2011ರಲ್ಲಿ. ತಡವಾದದ್ದಕ್ಕೆ ಎಂಜಿನ್ ಒಂದೇ ಕಾರಣವಲ್ಲ. ಆದರೆ ‘ಹೊಸದು ಬಂದಿದೆ, ಅದರಲ್ಲಿ ಮಾಡಿದರೆ ಇನ್ನೂ ಚೆನ್ನಾಗಿರುತ್ತದೆ’ ಎಂಬ ಯೋಚನೆಗೆ ಕೊನೆಯೇ ಇಲ್ಲ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಹೊಸ ಎಂಜಿನ್‌ಗೆ ಸರಿಯಾದ ಹೊತ್ತು ಎರಡು ಆಟಗಳ ನಡುವಿನ ಅವಧಿ. ಕೈಲಿರುವುದನ್ನು ಹಳೆಯದರಲ್ಲೇ ಮುಗಿಸಿ.

ಒಂದೇ ಎಂಜಿನ್‌ನ ಹೊಸ ಆವೃತ್ತಿಗೆ ಏರುವುದು ಬೇರೆ ಮಾತು. ಫೋರ್ಟ್‌ನೈಟ್ 2021ರ ಡಿಸೆಂಬರ್‌ನಲ್ಲಿ, ಸ್ಯಾಟಿಸ್‌ಫ್ಯಾಕ್ಟರಿ 2023ರಲ್ಲಿ, ಆಟ ಜನರ ಕೈಯಲ್ಲಿರುವಾಗಲೇ ಅನ್‌ರಿಯಲ್ 4ರಿಂದ 5ಕ್ಕೆ ಬಂದವು. ಅದಕ್ಕೂ ಬೇರೆ ಬ್ರಾಂಚ್ (ಯೋಜನೆಯ ಪ್ರತ್ಯೇಕ ಪ್ರತಿ) ಮಾಡಿ. ಹೊಸ ಆವೃತ್ತಿಯಲ್ಲಿ ಉಳಿಸಿದ ಅನ್‌ರಿಯಲ್ ಅಸೆಟ್ (ಮಾಡೆಲ್, ಟೆಕ್ಸ್ಚರ್ ಥರದ ಫೈಲ್) ಹಳೆಯದರಲ್ಲಿ ತೆರೆಯುವುದಿಲ್ಲ, ಹಾಗಾಗಿ ಒಬ್ಬ ಅಪ್‌ಗ್ರೇಡ್ ಮಾಡಿ ಮುಖ್ಯ ಬ್ರಾಂಚ್‌ಗೆ ಕಳಿಸಿಬಿಟ್ಟರೆ ಉಳಿದವರ ಕೆಲಸ ನಿಂತಂತೆ. ಚಲನೆ, ಡಿಕ್ಕಿಗಳ ಲೆಕ್ಕ ಹಾಕುವ ಫಿಸಿಕ್ಸ್ ವ್ಯವಸ್ಥೆ ಕೂಡ ಫಿಸ್‌ಎಕ್ಸ್‌ನಿಂದ ಕೇಯಾಸ್‌ಗೆ ಬದಲಾಗಿರುತ್ತದೆ. ವಾಹನ, ಬಟ್ಟೆ, ಒಡೆಯುವ ವಸ್ತುಗಳನ್ನು ಮತ್ತೆ ಹೊಂದಿಸಬೇಕು.

ಪ್ರಸಿದ್ಧ ಎಂಜಿನ್ ಆರಿಸಿಕೊಂಡರೆ ಸಾಕೇ?

ಬೇರೆ ಜಾತಿಯ ಆಟಕ್ಕೆಂದು ಬೆಳೆದ ಎಂಜಿನ್ ಎಷ್ಟೇ ಬಲವಾಗಿದ್ದರೂ ಸತಾಯಿಸುತ್ತದೆ. ಇಎ ಕಂಪನಿಯ ಎಂಜಿನ್ ಫ್ರಾಸ್ಟ್‌ಬೈಟ್ ಮೂಲತಃ ಬ್ಯಾಟಲ್‌ಫೀಲ್ಡ್‌ನಂಥ ಶೂಟರ್‌ಗಳಿಗಾಗಿ ಹುಟ್ಟಿದ್ದು. ಅದೇ ಕಂಪನಿಯ ಸ್ಟುಡಿಯೋ ಬಯೋವೇರ್ ಅದರಲ್ಲಿ ರೋಲ್‌ಪ್ಲೇಯಿಂಗ್ ಆಟ ಮಾಡಲು ಹೊರಟಾಗ ಆ ಪ್ರಕಾರಕ್ಕೆ ಬೇಕಾದ ಎಷ್ಟೋ ಸಾಧನಗಳನ್ನು ತಾನೇ ಬರೆದುಕೊಳ್ಳಬೇಕಾಯಿತು. ಎಂಜಿನ್ ಆರಿಸುವಾಗ ಡೆಮೊ ನೋಡಬೇಡಿ. ನಿಮ್ಮ ಪ್ರಕಾರದ, ನಿಮ್ಮ ಗಾತ್ರದ ತಂಡ ಮಾಡಿ ಬಿಡುಗಡೆ ಮಾಡಿದ ಆಟಗಳಿವೆಯೇ ಎಂದು ನೋಡಿ.

ಹಳೆಯ ಯೋಜನೆಯಿಂದ ಏನನ್ನೆಲ್ಲ ಕೊಂಡೊಯ್ಯಬಹುದು?

ಮಾಡೆಲ್, ಟೆಕ್ಸ್ಚರ್, ಧ್ವನಿ, ಅನಿಮೇಷನ್ ಕ್ಲಿಪ್, ಸಂಭಾಷಣೆ, ಅಂಕಿಅಂಶದ ಪಟ್ಟಿಗಳು ಬರುತ್ತವೆ. ಶೇಡರ್ (ಮೇಲ್ಮೈಯನ್ನು ಚಿತ್ರಿಸುವ ಕೋಡ್), ಮೆಟೀರಿಯಲ್, ಪಾರ್ಟಿಕಲ್, ಯುಐ ಲೇಔಟ್, ಅನಿಮೇಷನ್ ಸ್ಟೇಟ್ ಮಷೀನ್, ಬೇಕ್ ಮಾಡಿದ (ಮೊದಲೇ ಲೆಕ್ಕ ಹಾಕಿ ಉಳಿಸಿಟ್ಟ) ಬೆಳಕು ಬರುವುದಿಲ್ಲ. ದೃಶ್ಯಗಳನ್ನು ತರಲು ಒಂದು ಚಿಕ್ಕ ಎಕ್ಸ್‌ಪೋರ್ಟರ್ ಬರೆದುಕೊಳ್ಳುವುದು ಲಾಭ: ಪ್ರತಿ ವಸ್ತುವಿನ ಹೆಸರು, ಸ್ಥಾನ, ತಿರುವು, ಅಳತೆಯನ್ನು ಜೇಸನ್ ಫೈಲ್‌ಗೆ ಬರೆದು, ಆ ಕಡೆ ಓದಿಸಿ ಜೋಡಿಸುವುದು. ಅಸೆಟ್‌ಗಳನ್ನು ಹಳೆಯ ಎಂಜಿನ್‌ನಿಂದ ಹೊರತೆಗೆಯಬೇಡಿ. ಬ್ಲೆಂಡರ್ ಅಥವಾ ಮಾಯಾದ ಮೂಲ ಫೈಲ್‌ಗಳಿಂದಲೇ ಹೊಸದಾಗಿ ಎಕ್ಸ್‌ಪೋರ್ಟ್ ಮಾಡಿ. ಮೂಲ ಫೈಲ್ ಎಲ್ಲಿದೆ ಎಂದು ಹುಡುಕುವುದರಲ್ಲೇ ಮೊದಲ ವಾರ ಕಳೆಯುವ ತಂಡಗಳು ಕಡಿಮೆಯೇನಲ್ಲ.

ಅಸೆಟ್ ಸ್ಟೋರ್‌ನಲ್ಲಿ ಕೊಂಡದ್ದಾದರೆ ಲೈಸೆನ್ಸ್ ಓದಿ. ಕೆಲವನ್ನು ಬೇರೆ ಎಂಜಿನ್‌ನಲ್ಲಿ ಬಳಸುವಂತಿಲ್ಲ.

ಮಾಡೆಲ್‌ಗಳು ಅಡ್ಡ ಬಿದ್ದಿವೆ, ಇಲ್ಲವೇ ನೂರು ಪಟ್ಟು ದೊಡ್ಡದಾಗಿವೆ. ಏಕೆ?

ಯೂನಿಟಿಯಲ್ಲಿ ವೈ ಅಕ್ಷ ಮೇಲ್ಮುಖ, 1 ಯೂನಿಟ್ ಎಂದರೆ 1 ಮೀಟರ್, ಎಡಗೈ ಪದ್ಧತಿ. ಅನ್‌ರಿಯಲ್‌ನಲ್ಲಿ ಝಡ್ ಮೇಲ್ಮುಖ, 1 ಯೂನಿಟ್ ಎಂದರೆ 1 ಸೆಂಟಿಮೀಟರ್, ಅದೂ ಎಡಗೈ. ಗೊಡೊದಲ್ಲಿ ವೈ ಮೇಲ್ಮುಖ, ಮೀಟರ್, ಆದರೆ ಬಲಗೈ. ಮುಂದಿನ ದಿಕ್ಕು ಋಣ ಝಡ್. ಬ್ಲೆಂಡರ್ ಝಡ್ ಮೇಲ್ಮುಖ, ಬಲಗೈ. ಪರಿವರ್ತನೆಯನ್ನು ಎಕ್ಸ್‌ಪೋರ್ಟ್ ಸೆಟ್ಟಿಂಗ್‌ನಲ್ಲಿ ಒಂದೇ ಕಡೆ ಮಾಡಿ. ದೃಶ್ಯದೊಳಗೆ ಒಂದೊಂದೇ ವಸ್ತುವನ್ನು 90 ಡಿಗ್ರಿ ತಿರುಗಿಸಿ ಸರಿಮಾಡಿದರೆ ಅಂದಿಗೆ ಸರಿ ಕಾಣುತ್ತದೆ, ಮುಂದೆ ಮೂಳೆಗಳಿರುವ ಪಾತ್ರದ ಅನಿಮೇಷನ್ ಸೇರಿಸುವಾಗ ಎಲ್ಲ ತಿರುಚಿಕೊಳ್ಳುತ್ತದೆ.

ಗೊಡೊಗೆ ಜಿಎಲ್‌ಟಿಎಫ್, ಅನ್‌ರಿಯಲ್‌ಗೆ ಎಫ್‌ಬಿಎಕ್ಸ್ ರೂಪದಲ್ಲಿ ಕಳಿಸಿದರೆ ತಲೆನೋವು ಕಡಿಮೆ.

ಗೋಡೆಯ ಉಬ್ಬುಗಳೆಲ್ಲ ತಗ್ಗಾಗಿ ಕಾಣುತ್ತಿವೆ, ಒರಟಾಗಿರಬೇಕಾದ್ದು ಹೊಳೆಯುತ್ತಿದೆ.

ಮೇಲ್ಮೈಯ ಉಬ್ಬುತಗ್ಗನ್ನು ಬಣ್ಣಗಳಲ್ಲಿ ಹಿಡಿದಿಡುವ ನಾರ್ಮಲ್ ಮ್ಯಾಪ್‌ನ ಹಸಿರು ಚಾನೆಲ್ ತಲೆಕೆಳಗಾಗಿದೆ. ಯೂನಿಟಿ, ಗೊಡೊ ಬಳಸುವುದು ಓಪನ್‌ಜಿಎಲ್ ರೀತಿ. ಅನ್‌ರಿಯಲ್ ಬಳಸುವುದು ಡೈರೆಕ್ಟ್‌ಎಕ್ಸ್ ರೀತಿ. ಇಂಪೋರ್ಟ್‌ನಲ್ಲಿ ಹಸಿರನ್ನು ತಿರುಗಿಸುವ ಆಯ್ಕೆ ಇರುತ್ತದೆ. ಹೊಳಪಿನ ಸಮಸ್ಯೆ ಬೇರೆ: ಯೂನಿಟಿ ನಯವನ್ನು ಅಳೆಯುತ್ತದೆ, ಉಳಿದೆರಡು ಒರಟುತನವನ್ನು. ಆ ಚಾನೆಲ್‌ನ ಬೆಲೆಯನ್ನು 1ರಿಂದ ಕಳೆಯಬೇಕು. ಆ ಟೆಕ್ಸ್ಚರ್‌ಗೆ ಎಸ್‌ಆರ್‌ಜಿಬಿ (ಇದು ಬಣ್ಣದ ಚಿತ್ರ ಎಂಬ) ಗುರುತನ್ನು ತೆಗೆಯಲು ಮರೆಯಬೇಡಿ. ಉಳಿದರೆ ಮಧ್ಯದ ಬೆಲೆಗಳೆಲ್ಲ ಕೆಳಗೆ ಜಾರಿ ಮೇಲ್ಮೈ ಎಣ್ಣೆ ಹಚ್ಚಿದಂತೆ ಕಾಣುತ್ತದೆ.

ಅಂಕಿಗಳನ್ನು ಹಾಗೆಯೇ ನಕಲು ಮಾಡಿದರೂ ಆಟದ ‘ಹಿಡಿತ’ ಬದಲಾಗಿದೆ. ಎಲ್ಲಿ ಹುಡುಕುವುದು?

ಮೊದಲು ಫಿಸಿಕ್ಸ್‌ನ ಹೆಜ್ಜೆ, ಅಂದರೆ ಎಂಜಿನ್ ಎಷ್ಟು ಹೊತ್ತಿಗೊಮ್ಮೆ ಚಲನೆಯ ಲೆಕ್ಕ ಹಾಕುತ್ತದೆ ಎಂಬುದನ್ನು ನೋಡಿ. ಯೂನಿಟಿಯ ಡೀಫಾಲ್ಟ್ 0.02 ಸೆಕೆಂಡ್, ಅಂದರೆ ಸೆಕೆಂಡಿಗೆ 50 ಸಲ. ಗೊಡೊದ್ದು 60. ಅನ್‌ರಿಯಲ್ ಸುಮ್ಮನೆ ಬಿಟ್ಟರೆ ಫ್ರೇಮ್ ಜೊತೆಗೇ ಏರಿಳಿಯುತ್ತದೆ. ವೇಗವನ್ನು ಮೊದಲು ತಿದ್ದಿ ಆಮೇಲೆ ಸ್ಥಾನ ತಿದ್ದುವ ಸಾಮಾನ್ಯ ಪದ್ಧತಿಯಲ್ಲಿ ಜಿಗಿತದ ಎತ್ತರ, ಸೂತ್ರದ ಉತ್ತರಕ್ಕಿಂತ ‘ವೇಗ × ಹೆಜ್ಜೆಯ ಅವಧಿ ÷ 2’ರಷ್ಟು ಕಡಿಮೆ ಬರುತ್ತದೆ. ಸೆಕೆಂಡಿಗೆ 6 ಮೀಟರ್ ವೇಗದಲ್ಲಿ ಹಾರಿದರೆ 50 ಹೆಜ್ಜೆಗೆ 6 ಸೆಂ.ಮೀ., 60 ಹೆಜ್ಜೆಗೆ 5 ಸೆಂ.ಮೀ. ಒಂದು ಸೆಂಟಿಮೀಟರ್ ತಾನೇ ಎನ್ನಬೇಡಿ. ಅಂಚಿಗೆ ಅಂಚು ತಾಗುವಂತೆ ಕಟ್ಟಿದ ಪ್ಲಾಟ್‌ಫಾರ್ಮರ್‌ನಲ್ಲಿ ಅಷ್ಟಕ್ಕೇ ಜಿಗಿತ ತಪ್ಪುತ್ತದೆ.

ಎರಡನೆಯದು ಗುರುತ್ವ. ಯೂನಿಟಿಯಲ್ಲಿ 9.81, ಗೊಡೊ 3ಡಿಯಲ್ಲಿ 9.8, 2ಡಿಯಲ್ಲಿ ಪಿಕ್ಸೆಲ್ ಲೆಕ್ಕದಲ್ಲಿ 980, ಅನ್‌ರಿಯಲ್‌ನಲ್ಲಿ 980. ಮೂರನೆಯದು ಯಾರ ಕಣ್ಣಿಗೂ ಬೀಳದ ಡ್ಯಾಂಪಿಂಗ್, ಅಂದರೆ ಚಲನೆಯನ್ನು ತಾನಾಗಿ ನಿಧಾನಿಸುವ ಅಂಕಿ: ಗೊಡೊದಲ್ಲಿ ರಿಜಿಡ್ ಬಾಡಿಯ (ಗಟ್ಟಿ ವಸ್ತುವಿನ) ನೇರ ಚಲನೆಗೆ ಡೀಫಾಲ್ಟ್ ಆಗಿ 0.1 ಇರುತ್ತದೆ, ಯೂನಿಟಿಯಲ್ಲಿ ಸೊನ್ನೆ. ಉರುಳುವ ಚೆಂಡು ಬೇಗ ನಿಲ್ಲುತ್ತಿದ್ದರೆ ಅದನ್ನೇ ಅನುಮಾನಿಸಿ.

ಅಂದಾಜಿನಲ್ಲಿ ಹೊಂದಿಸಬೇಡಿ. ಹಳೆಯ ಬಿಲ್ಡ್‌ನಲ್ಲಿ ಜಿಗಿತದ ಎತ್ತರ, ಗಾಳಿಯಲ್ಲಿರುವ ಸಮಯ, ನಿಂತಲ್ಲಿಂದ ಪೂರ್ಣ ವೇಗಕ್ಕೆ ಬರುವ ಸಮಯ, ನಿಲ್ಲಲು ಹಿಡಿಯುವ ದೂರ, ಈ ನಾಲ್ಕನ್ನು ಅಳೆದು ಬರೆದಿಟ್ಟುಕೊಂಡು ಹೊಸದರಲ್ಲಿ ಅವೇ ಅಂಕಿ ಬರುವವರೆಗೆ ತಿದ್ದಿ.

ಕೋಡ್ ಅನ್ನು ಯಂತ್ರದಿಂದ ಪರಿವರ್ತಿಸಬಹುದೇ?

ವಾಕ್ಯರಚನೆಯನ್ನು ಪರಿವರ್ತಿಸಬಹುದು, ನಡವಳಿಕೆಯನ್ನಲ್ಲ. ಗೊಡೊದಲ್ಲಿ ವಸ್ತು ಸಿದ್ಧವಾದಾಗ ಬರುವ ರೆಡಿ ಕರೆ ಮೊದಲು ಒಳಗಿನ ಮಕ್ಕಳ ನೋಡ್‌ಗಳಿಗೆ (ಆಟದ ಬಿಡಿ ಘಟಕಗಳಿಗೆ), ಆಮೇಲೆ ತಾಯಿ ನೋಡ್‌ಗೆ ಬರುತ್ತದೆ. ಯೂನಿಟಿಯಲ್ಲಿ ಬೇರೆ ಬೇರೆ ವಸ್ತುಗಳಿಗೆ ಅಂಥದೇ ಕರೆಯಾದ ಸ್ಟಾರ್ಟ್ ಯಾವ ಕ್ರಮದಲ್ಲಿ ಬರುತ್ತದೆ ಎಂಬ ಖಾತರಿಯೇ ಇಲ್ಲ. ಯೂನಿಟಿಯಲ್ಲಿ ನಾಶವಾದ ವಸ್ತುವನ್ನು ನಲ್ (‘ಏನೂ ಇಲ್ಲ’ ಎಂಬ ಬೆಲೆ) ಜೊತೆ ಹೋಲಿಸಿದರೆ ಸಮ ಎಂದೇ ಉತ್ತರ ಬರುತ್ತದೆ, ಏಕೆಂದರೆ ಆ ಹೋಲಿಕೆಯನ್ನೇ ಎಂಜಿನ್ ಬದಲಿಸಿಟ್ಟಿದೆ. ಅದನ್ನು ನಂಬಿ ಬರೆದ ಕೋಡ್ ಗೊಡೊದಲ್ಲಿ ಕಂಪೈಲ್ ಆಗಿ, ಶತ್ರು ಸತ್ತ ಮರುಕ್ಷಣ ಕ್ರ್ಯಾಶ್ ಆಗುತ್ತದೆ. ಅಲ್ಲಿ ವಸ್ತು ಇನ್ನೂ ಬದುಕಿದೆಯೇ ಎಂದು ಬೇರೆ ಫಂಕ್ಷನ್‌ನಿಂದ ಕೇಳಬೇಕು.

ಎಂಜಿನ್ ಮುಟ್ಟದ ಕೋಡ್, ಅಂದರೆ ಹಾನಿಯ ಲೆಕ್ಕ, ಇನ್ವೆಂಟರಿ, ಸರದಿ, ಅಂಕ, ಇವು ಬೇರೆ ಫೈಲ್‌ಗಳಲ್ಲಿದ್ದರೆ ಅಷ್ಟೂ ಹಾಗೆಯೇ ಬರುತ್ತದೆ. ಇಲ್ಲದಿದ್ದರೆ ಹೊರಡುವ ಮೊದಲು, ಹಳೆಯ ಎಂಜಿನ್‌ನಲ್ಲಿ ಪರೀಕ್ಷೆಗಳು ಓಡುತ್ತಿರುವಾಗಲೇ ಬೇರ್ಪಡಿಸಿ.

ಅನ್‌ರಿಯಲ್ 5ಕ್ಕೆ ಬಂದ ಮೇಲೆ ಆಟ ಆಗಾಗ ತಡವರಿಸುತ್ತದೆ.

ಸೆಕೆಂಡಿಗೆ 60 ಫ್ರೇಮ್ (ಚಿತ್ರ) ಬೇಕೆಂದರೆ ಪ್ರತಿ ಫ್ರೇಮ್‌ಗೆ ಸಿಗುವುದು 16.67 ಮಿಲಿಸೆಕೆಂಡ್. ಹೊಸ ಸ್ಫೋಟವೋ ಹೊಸ ಆಯುಧವೋ ಮೊದಲ ಸಲ ಕಂಡಾಗ ಅದರ ಪೈಪ್‌ಲೈನ್ ಸ್ಟೇಟನ್ನು (ಅದನ್ನು ಚಿತ್ರಿಸಲು ಬೇಕಾದ ಸೂಚನೆಗಳ ಕಟ್ಟನ್ನು) ಗ್ರಾಫಿಕ್ಸ್ ಡ್ರೈವರ್ ಅಲ್ಲೇ ಕಂಪೈಲ್ ಮಾಡತೊಡಗಿದರೆ ಅಷ್ಟರೊಳಗೆ ಮುಗಿಯುವುದಿಲ್ಲ. ಡೆವಲಪರ್ ಯಂತ್ರದಲ್ಲಿ ಇದು ಕಾಣುವುದಿಲ್ಲ, ಅಲ್ಲಿ ಕ್ಯಾಶ್ ಆಗಲೇ ತುಂಬಿರುತ್ತದೆ. ಡ್ರೈವರ್‌ನ ಶೇಡರ್ ಕ್ಯಾಶ್ ಅಳಿಸಿ ಪರೀಕ್ಷಿಸಿ. 5.1ರಿಂದ ಎಂಜಿನ್ ತಾನೇ ಮುಂಚಿತವಾಗಿ ಇವನ್ನು ಸಿದ್ಧಪಡಿಸುವ ವ್ಯವಸ್ಥೆ ಬಂದಿದೆ, ಆವೃತ್ತಿಯಿಂದ ಆವೃತ್ತಿಗೆ ಸುಧಾರಿಸಿದೆ. ಆದರೂ ಮೆಟೀರಿಯಲ್‌ಗಳ ಸಂಖ್ಯೆ ಇಳಿಸುವುದಕ್ಕಿಂತ ದೊಡ್ಡ ಮದ್ದಿಲ್ಲ.

ಸದಾ ನಿಧಾನವಿದ್ದರೆ ಲೂಮೆನ್ (ಬೆಳಕು), ನಾನೈಟ್ (ಮಾಡೆಲ್‌ನ ಸೂಕ್ಷ್ಮ ವಿವರ), ವರ್ಚುವಲ್ ಶ್ಯಾಡೋ ಮ್ಯಾಪ್ (ನೆರಳು) ಮೂರನ್ನೂ ಒಂದೊಂದಾಗಿ ಆಫ್ ಮಾಡಿ ಅಳೆಯಿರಿ. ಮೇಲಿನಿಂದ ನೋಡುವ, ಬೆಳಕು ಬದಲಾಗದ ಆಟಕ್ಕೆ ಲೂಮೆನ್ ದಂಡ.

ಎಷ್ಟು ಸಮಯ ಹಿಡಿಯುತ್ತದೆ ಎಂದು ಮೊದಲೇ ತಿಳಿಯುವುದು ಹೇಗೆ?

ಎರಡರಿಂದ ನಾಲ್ಕು ವಾರದ ಪ್ರಯೋಗ ಮಾಡಿ, ಇಬ್ಬರು ಸಾಕು. ಸುಲಭದ್ದನ್ನಲ್ಲ, ಆಟದ ಅತಿ ಕಷ್ಟದ ದೃಶ್ಯವನ್ನು ಆರಿಸಿ: ಹೆಚ್ಚು ಶತ್ರುಗಳು, ಹೆಚ್ಚು ಪಾರ್ಟಿಕಲ್, ಸೇವ್-ಲೋಡ್, ಕನಿಷ್ಠ ಎರಡು ಭಾಷೆಯ ಯುಐ. ಕನ್ನಡ, ಹಿಂದಿ, ಅರೇಬಿಕ್ ಪಠ್ಯವಿದ್ದರೆ ಒತ್ತಕ್ಷರ, ಒಂದಕ್ಕೊಂದು ಕೂಡುವ ಅಕ್ಷರಗಳು ಸರಿಯಾಗಿ ಮೂಡುತ್ತವೆಯೇ ಎಂದು ಮೊದಲ ದಿನವೇ ನೋಡಿ. ಬಿಲ್ಡ್ ಅನ್ನು ಎಡಿಟರ್‌ನಲ್ಲಿ ಓಡಿಸಿ ತೃಪ್ತಿಪಡಬೇಡಿ, ನೀವು ಬೆಂಬಲಿಸುವ ಅತಿ ದುರ್ಬಲ ಸಾಧನದ ಮೇಲೆ ಹಾಕಿ. ಮೊದಲ ದೃಶ್ಯಕ್ಕೆ ಹಿಡಿದ ಸಮಯದಲ್ಲಿ ಕಲಿಕೆಯೂ ಸೇರಿರುವುದರಿಂದ ಅದನ್ನೇ ಗುಣಿಸಬಾರದು. ಎರಡನೆಯ ದೃಶ್ಯವನ್ನೂ ತಂದು, ಅದರ ಅವಧಿಯಿಂದ ಲೆಕ್ಕ ಹಾಕಿ.

ಬಿಡುಗಡೆಯಾದ ಆಟದ ಸೇವ್ ಫೈಲ್‌ಗಳ ಗತಿ?

ವಿಂಡೋಸ್‌ನಲ್ಲಿ ಯೂನಿಟಿಯ ಫೈಲ್‌ಗಳು ಆಪ್‌ಡೇಟಾದ ಲೋಕಲ್‌ಲೋ ಫೋಲ್ಡರ್‌ನಲ್ಲಿರುತ್ತವೆ, ಪ್ಲೇಯರ್‌ಪ್ರೆಫ್ಸ್ ಎಂಬ ಸೆಟ್ಟಿಂಗ್‌ಗಳು ರಿಜಿಸ್ಟ್ರಿಯಲ್ಲಿ. ಗೊಡೊ ನೋಡುವುದು ರೋಮಿಂಗ್ ಫೋಲ್ಡರ್. ಹಾಗಾಗಿ ಹಳೆಯ ಎಂಜಿನ್‌ನಲ್ಲೇ ಕೊನೆಯ ಒಂದು ಅಪ್‌ಡೇಟ್ ಬಿಡಿ: ಸೇವ್ ಅನ್ನು ಸಾದಾ ಜೇಸನ್ ಆಗಿ, ಆವೃತ್ತಿ ಸಂಖ್ಯೆಯ ಸಮೇತ ಬರೆಯುವಂಥದ್ದು. ಕೆಲವು ವಾರ ಬಿಟ್ಟು ಹೊಸ ಎಂಜಿನ್‌ನ ಬಿಲ್ಡ್ ಕಳಿಸಿ. ಅದು ಮೊದಲ ಸಲ ತೆರೆದಾಗ ಹಳೆಯ ಜಾಗದಲ್ಲಿ ಹುಡುಕಿ ನಕಲು ಮಾಡಿಕೊಳ್ಳಲಿ, ಮೂಲವನ್ನು ಅಳಿಸದಿರಲಿ. ಸ್ಟೀಮ್ ಕ್ಲೌಡ್‌ನ ದಾರಿಯನ್ನು ಹೊಸ ಫೋಲ್ಡರ್‌ಗೆ ಸೇರಿಸುವಾಗ ಹಳೆಯದನ್ನೂ ಉಳಿಸಿಕೊಳ್ಳಿ. ಅಪ್‌ಡೇಟ್ ಹಾಕದೆ ವರ್ಷದ ನಂತರ ಮರಳುವ ಆಟಗಾರನ ಸೇವ್ ಇನ್ನೂ ಅಲ್ಲೇ ಇರುತ್ತದೆ.